ಚಳಿಗಾಲದಲ್ಲಿ ಕುದುರೆ ಬೆವರುತ್ತಿದೆಯಾ? ರಗ್ ಜಾಸ್ತಿಯಾದಾಗ ದೋಷ ಪತ್ತೆ ಹಚ್ಚುವ ಬಗೆ

ಬ್ರಿಟನ್ನಿನಲ್ಲಿ ಕುದುರೆ ಸಾಕುವವರ ಶೆಡ್ಡಿನ ಬಾಗಿಲು ತೆಗೆದರೆ ಮೊದಲು ಕಣ್ಣಿಗೆ ಬೀಳುವುದು ರಗ್ಗುಗಳ, ಅಂದರೆ ಕುದುರೆಯ ಮೈಗೆ ಹೊದಿಸಿ ಬಕಲ್ ಹಾಕುವ ಹೊದಿಕೆಗಳ ರಾಶಿ. ಮಳೆಗೊಂದು, ಲಾಯಕ್ಕೊಂದು, ಬೆವರು ಆರಿಸೋಕೆ ಒಂದು, ನೊಣ ತಡೆಯೋಕೆ ಒಂದು. ಒಳಗೆ ಸೇರಿಸೋಕೆ ಲೈನರ್ ಬೇರೆ. ಅಕ್ಟೋಬರ್ ಬಂತೆಂದರೆ ಇವು ಒಂದೊಂದಾಗಿ ಕುದುರೆಯ ಬೆನ್ನೇರುತ್ತವೆ. ಹಾಕುವವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಅಲ್ಲಿ ಚಳಿಯಿಂದ ನರಳುವ ಕುದುರೆಗಿಂತ ರಗ್ಗಿನೊಳಗೆ ಬೇಯುವ ಕುದುರೆಯೇ ಜಾಸ್ತಿ ಅನ್ನೋದು ನನ್ನ ಅನಿಸಿಕೆ.

ಅಲ್ಲಿ ಕುದುರೆ ಇಟ್ಟುಕೊಂಡಿರುವ, ಲಾಯದಲ್ಲಿ ಕೆಲಸ ಮಾಡುವ, ಮಕ್ಕಳಿಗೆ ಪೋನಿ ಸವಾರಿ ಕಲಿಸುತ್ತಿರುವ ಕನ್ನಡಿಗರಿಗಾಗಿ ಇದನ್ನು ಬರೆದಿದ್ದೇನೆ. ಬೆಂಗಳೂರಿನ ಲಾಯದವರಿಗೂ ಕೊನೆಯಲ್ಲಿ ಸ್ವಲ್ಪ ಇದೆ. ನಿಮ್ಮ ಲೆಕ್ಕವೇ ಬೇರೆ.

ಯಾವ ಲಕ್ಷಣ ಕಂಡರೆ ರಗ್ಗನ್ನು ಅನುಮಾನಿಸಬೇಕು

ಕೆಲವು ಲಕ್ಷಣಗಳು ಅವತ್ತೇ ಕಾಣುತ್ತವೆ. ರಗ್ ತೆಗೆದಾಗ ಕೂದಲು ಒದ್ದೆಯಾಗಿ ಅಂಟಿಕೊಂಡಿರುತ್ತದೆ. ಇಲ್ಲವೇ ಬೆವರು ಒಣಗಿ ಬಿಳಿ ಉಪ್ಪಿನ ಗೆರೆ ಉಳಿದಿರುತ್ತದೆ. ಯಾವ ಕೆಲಸವೂ ಇಲ್ಲದೆ ಸುಮ್ನೆ ನಿಂತಿದ್ದರೂ ಮೂಗಿನ ಹೊಳ್ಳೆ ಅರಳಿರುತ್ತದೆ, ಪಕ್ಕೆ ಬೇಗ ಬೇಗ ಏರಿಳಿಯುತ್ತದೆ. ಕುದುರೆ ಮಂಕಾಗಿ ನಿಲ್ಲುತ್ತದೆ, ಹುಲ್ಲನ್ನು ಅರ್ಧಕ್ಕೆ ಬಿಡುತ್ತದೆ.

ಇನ್ನು ಕೆಲವು ಕುದುರೆ ರೇಗುತ್ತವೆ. ರಗ್ ಹಿಡಿದು ಬರುವುದು ಕಂಡರೆ ಕಿವಿ ಹಿಂದಕ್ಕೆ ಹೋಗುತ್ತದೆ. ಎದೆಯ ಬಕಲ್ ಹಾಕುವಾಗ ಕಚ್ಚೋಕೆ ಬರುತ್ತದೆ. ಗೋಡೆಗೆ ಮೈ ಉಜ್ಜುತ್ತದೆ, ಹಲ್ಲಿನಲ್ಲಿ ರಗ್ ಹಿಡಿದು ಹರಿಯುತ್ತದೆ. "ಇದು ಹಟಮಾರಿ, ಪ್ರತಿ ಚಳಿಗಾಲದಲ್ಲೂ ರಗ್ ಹರಿದು ಹಾಕುತ್ತೆ" ಎಂದು ಬೈಯುವವರನ್ನು ಎಲ್ಲಾ ಲಾಯದಲ್ಲೂ ನೋಡಬಹುದು. ಬೈಯುವ ಮೊದಲು ಒಂದು ಸಲ ರಗ್ಗಿನ ಕೆಳಗೆ ಕೈ ಹಾಕಿ ನೋಡಿದ್ದರೆ ಚೆನ್ನಾಗಿತ್ತು.

ನಿಧಾನವಾಗಿ ಬರುವ ಲಕ್ಷಣಗಳು ಇನ್ನೂ ಮೋಸದವು: ಬೆನ್ನ ಮೇಲೆ ಸಣ್ಣ ಹಕ್ಕಳೆ, ಭುಜದ ಕೂದಲು ಸವೆದು ನುಣ್ಣಗಾಗುವುದು, ಚಳಿಗಾಲ ಕಳೆದರೂ ಒಂದಿಷ್ಟೂ ಇಳಿಯದ ತೂಕ. ಇವುಗಳಿಗೂ ರಗ್ಗಿಗೂ ನಂಟಿದೆ ಎಂದು ಬಹಳ ಜನಕ್ಕೆ ಹೊಳೆಯುವುದೇ ಇಲ್ಲ.

ಮೊದಲ ಪರೀಕ್ಷೆ ಕೈಯಿಂದ

ಕೈಗವಸು ತೆಗೆಯಿರಿ. ಕೈ ಮಂಜುಗಡ್ಡೆಯಾಗಿದ್ದರೆ ಒಂದು ನಿಮಿಷ ಜೇಬಿನಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳಿ, ಇಲ್ಲದಿದ್ದರೆ ಎಲ್ಲಾ ಕುದುರೆಯೂ ಬಿಸಿಯಾಗಿಯೇ ಕಾಣುತ್ತದೆ. ಭುಜದ ಹಿಂದೆ, ಪಕ್ಕೆಯ ಮೇಲೆ, ಮುಂಗಾಲಿನ ಸಂದಿನಲ್ಲಿ, ರಗ್ಗಿನ ಅಡಿಗೆ ಅಂಗೈ ಊರಿ ಸ್ವಲ್ಪ ಹೊತ್ತು ಬಿಡಿ.

ಒಣಗಿದ್ದು, ಉಗುರುಬೆಚ್ಚಗೋ ಸ್ವಲ್ಪ ತಂಪಗೋ ಇದ್ದರೆ ಸರಿಯಾಗಿದೆ. ಬಿಸಿ ಅನಿಸಿದರೆ ಜಾಸ್ತಿಯಾಗಿದೆ. ತೇವ ಸಿಕ್ಕರೆ ಬಹಳ ಜಾಸ್ತಿಯಾಗಿದೆ, ರಗ್ ಆಗಲೇ ತೆಗೆಯಬೇಕು. ಒಂದು ಮಾತು ನೆನಪಿರಲಿ: ರಗ್ ಹಾಕಿದ ಕುದುರೆಯ ಮೈ "ಹಾಯಾಗಿ ಬೆಚ್ಚಗಿದೆ" ಎಂದು ನಿಮ್ಮ ಕೈಗೆ ಅನಿಸಿದರೆ, ಅದು ಕುದುರೆಗೆ ಹಾಯಾದ ಬಿಸಿಗಿಂತ ಹೆಚ್ಚೇ ಇರುತ್ತದೆ.

ಕಿವಿ ಮುಟ್ಟಿ ನೋಡುವ ಹಳೆಯ ಅಭ್ಯಾಸವನ್ನು ನಂಬಬೇಡಿ. ಚಳಿಯಲ್ಲಿ ಕುದುರೆ ಕಿವಿ, ಕಾಲಿನ ತುದಿಗಳಿಗೆ ಹೋಗುವ ರಕ್ತವನ್ನು ಕಡಿಮೆ ಮಾಡಿ ಒಳಮೈಯ ಬಿಸಿ ಉಳಿಸಿಕೊಳ್ಳುತ್ತದೆ. ಕಿವಿ ತಣ್ಣಗಿದ್ದರೆ ಆ ವ್ಯವಸ್ಥೆ ಕೆಲಸ ಮಾಡುತ್ತಿದೆ ಎಂದು ಗೊತ್ತಾಗುತ್ತದೆ ಅಷ್ಟೇ. ಕುದುರೆ ಚಳಿಯಲ್ಲಿ ನರಳುತ್ತಿದೆ ಎಂದೇನಲ್ಲ. ಕಿವಿ ತಣ್ಣಗಿದೆ ಅಂತ ಇನ್ನೊಂದು ಲೈನರ್ ಹಾಕುವುದರಿಂದಲೇ ಎಷ್ಟೋ ತೊಂದರೆ ಶುರುವಾಗುತ್ತವೆ.

ಈ ಪರೀಕ್ಷೆಯನ್ನು ಯಾವಾಗ ಮಾಡುತ್ತೀರಿ ಅನ್ನೋದೂ ಮುಖ್ಯ. ಬೆಳಿಗ್ಗೆ ಏಳಕ್ಕೆ ಕೈ ಹಾಕಿದರೆ ಎಲ್ಲವೂ ಸರಿಯಿರುತ್ತದೆ. ಮಧ್ಯಾಹ್ನ ಎರಡಕ್ಕೆ ಹಾಕಿ. ನೀವು ಆಫೀಸಿನಲ್ಲಿದ್ದರೆ ಲಾಯದಲ್ಲಿರುವ ಯಾರಿಗಾದರೂ ಹೇಳಿ ನೋಡಿಸಿ.

ಬೆವರು ಎಲ್ಲಿದೆ? ರಗ್ಗೋ, ಕಾಯಿಲೆಯೋ?

ಬೆವರು ಕಂಡ ಕೂಡಲೇ ರಗ್ಗಿನ ಮೇಲೆ ತಪ್ಪು ಹೊರಿಸಿ ಮನೆಗೆ ಹೋಗುವ ಹಾಗಿಲ್ಲ. ನೋವಿಗೂ ಕುದುರೆ ಬೆವರುತ್ತದೆ, ಜ್ವರಕ್ಕೂ ಬೆವರುತ್ತದೆ. ಹೊಟ್ಟೆ ಶೂಲೆ, ಗೊರಸಿನೊಳಗೆ ಉರಿಯೂತವಾಗುವ ಲ್ಯಾಮಿನೈಟಿಸ್, ಸವಾರಿಯ ನಂತರ ಸ್ನಾಯು ಬಿಗಿದುಕೊಳ್ಳುವ ತೊಂದರೆ, ಇವೆಲ್ಲದರಲ್ಲೂ ಬೆವರು ಬರಬಹುದು. ಬ್ರಿಟನ್ನಿನಲ್ಲಿ ಕಾಣುವ ಗ್ರಾಸ್ ಸಿಕ್‌ನೆಸ್ ಎಂಬ ಮಾರಕ ಕಾಯಿಲೆಯಲ್ಲಿ ಮೈಮೇಲೆ ಅಲ್ಲಲ್ಲಿ ತೇಪೆ ತೇಪೆಯಾಗಿ ಬೆವರು, ಸ್ನಾಯು ನಡುಕ ಇರುತ್ತದೆ.

ಆದ್ದರಿಂದ ರಗ್ ಮುಚ್ಚದ ಜಾಗ ನೋಡಿ. ಬೆವರು ರಗ್ಗಿನ ಅಂಚಿಗೆ ಸರಿಯಾಗಿ ನಿಂತಿದ್ದರೆ ಅಪರಾಧಿ ರಗ್ಗೇ ಇರಬೇಕು. ಕುತ್ತಿಗೆ ತೆರೆದಿದ್ದೂ ಅಲ್ಲಿ ಬೆವರು ಇಳಿಯುತ್ತಿದ್ದರೆ, ಕಿವಿಯ ಬುಡ ಒದ್ದೆಯಾಗಿದ್ದರೆ, ಅನುಮಾನ ಬೇರೆ ಕಡೆ ತಿರುಗಬೇಕು.

ಈಗ ಎಣಿಸಿ ನೋಡಿ. ವಿಶ್ರಾಂತಿಯಲ್ಲಿರುವ ದೊಡ್ಡ ಕುದುರೆಯ ಉಸಿರು ನಿಮಿಷಕ್ಕೆ 8ರಿಂದ 16, ನಾಡಿ 28ರಿಂದ 44, ಗುದದಲ್ಲಿ ಅಳೆದ ಉಷ್ಣತೆ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ಥರ್ಮಾಮೀಟರ್ ಇಡುವಾಗ ನೇರ ಹಿಂದೆ ನಿಲ್ಲಬೇಡಿ, ಪಕ್ಕದಲ್ಲಿ ನಿಲ್ಲಿ. ಒಸಡಿನ ಮೇಲೆ ಬೆರಳೊತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಒಸಡು ಒಣಗಿ ಅಂಟುತ್ತಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ.

ಎಲ್ಲಾ ರಗ್ ತೆಗೆದು ಗಾಳಿಯಾಡುವ ಕಡೆ ನೆರಳಿನಲ್ಲಿ ನಿಲ್ಲಿಸಿ, ನೀರು ಕೊಡಿ. ಅರ್ಧ ಮುಕ್ಕಾಲು ಗಂಟೆಯಲ್ಲಿ ಉಸಿರು ಇಳಿದು, ಹುಲ್ಲಿಗೆ ಬಾಯಿ ಹಾಕಿದರೆ ಕಾರಣ ಸಿಕ್ಕಿತು. ಉಷ್ಣತೆ 38.5ಕ್ಕಿಂತ ಮೇಲೆಯೇ ನಿಂತಿದ್ದರೆ ಅದು ಜ್ವರ ಎಂದುಕೊಂಡು ವೆಟ್‌ಗೆ, ಅಂದರೆ ಪಶುವೈದ್ಯರಿಗೆ ಫೋನ್ ಮಾಡಿ. 40 ಡಿಗ್ರಿ ದಾಟಿದ್ದರೆ, ಅಥವಾ ಕುದುರೆ ತೂರಾಡುತ್ತಿದ್ದರೆ ಕಾಯಬೇಡಿ. ಫೋನ್ ಮಾಡುತ್ತಲೇ ತಣ್ಣೀರನ್ನು ಮೈಮೇಲೆ ಬಿಡದೆ ಸುರಿಯಿರಿ. ಹೊಟ್ಟೆ ಒದ್ದುಕೊಳ್ಳುವುದು, ಪಕ್ಕೆ ತಿರುಗಿ ನೋಡುವುದು, ಹೊರಳಾಡುವುದು ಕಂಡರೆ ಮುಕ್ಕಾಲು ಗಂಟೆ ಕಾಯುವ ಮಾತೇ ಇಲ್ಲ, ಮೊದಲು ಫೋನ್.

ಇಷ್ಟು ಬಿಸಿ ಎಲ್ಲಿಂದ ಬರುತ್ತದೆ

ನಮಗೆ ಚಳಿಯಾದಾಗ ಕುದುರೆಗೂ ಆಗುತ್ತದೆ ಅಂದುಕೊಳ್ಳುವುದೇ ಮೂಲ ದೋಷ. ಬಟ್ಟೆಯಿಲ್ಲದ ಮನುಷ್ಯನಿಗೆ ಯಾವ ಶ್ರಮವೂ ಇಲ್ಲದೆ ಮೈಬಿಸಿ ಕಾಯ್ದುಕೊಳ್ಳೋಕೆ ಸುತ್ತಲಿನ ಗಾಳಿ 25 ಡಿಗ್ರಿಗಿಂತ ಮೇಲಿರಬೇಕು. ಹವೆಗೆ ಒಗ್ಗಿಕೊಂಡ ಆರೋಗ್ಯವಂತ ಕುದುರೆಗೆ ಆ ಹಿತವಾದ ವ್ಯಾಪ್ತಿ ಸುಮಾರು 5ರಿಂದ 25 ಡಿಗ್ರಿ. ಕೆನಡಾದಂಥ ಕಡೆ ಚಳಿಗೆ ಪೂರ್ತಿ ಒಗ್ಗಿದ, ಚೆನ್ನಾಗಿ ತಿಂದುಂಡ ಕುದುರೆಗಳಿಗೆ ಕೆಳಗಿನ ಗೆರೆ ಸೊನ್ನೆಗಿಂತ 15 ಡಿಗ್ರಿ ಕೆಳಗೆ ಇಳಿಯುತ್ತದೆ. ಅಂದರೆ ನಾವು ಎರಡು ಸ್ವೆಟರ್ ಹಾಕಿಕೊಳ್ಳುವ 10 ಡಿಗ್ರಿ ಹವೆ ಕುದುರೆಗೆ ಹಿತವಾದ ಹವೆ. ದಕ್ಷಿಣ ಇಂಗ್ಲೆಂಡಿನಲ್ಲಿ ಜನವರಿಯ ಹಗಲೂ ಸಾಮಾನ್ಯವಾಗಿ 7–8 ಡಿಗ್ರಿ ಇರುತ್ತದೆ.

ಗಾತ್ರವೂ ಕುದುರೆಯ ಕಡೆಗಿದೆ. 500 ಕಿಲೋ ಮೈಗೆ ಹೋಲಿಸಿದರೆ ಬಿಸಿ ಹೊರಹೋಗುವ ಚರ್ಮದ ಹರವು ಕಡಿಮೆ. ಬಿಸಿ ಉಳಿಸಿಕೊಳ್ಳೋಕೆ ಇದು ಅನುಕೂಲ, ಕಳೆದುಕೊಳ್ಳೋಕೆ ಅಷ್ಟೇ ಕಷ್ಟ.

ಇನ್ನು ಹೊಟ್ಟೆ. ಕುದುರೆ ತಿಂದ ಒಣಹುಲ್ಲಿನ ನಾರು ಸೀಕಮ್ (ದೊಡ್ಡ ಕರುಳಿನ ಶುರುವಿನಲ್ಲಿರುವ ಚೀಲ) ಮತ್ತು ದೊಡ್ಡ ಕರುಳಿನಲ್ಲಿ ಸೂಕ್ಷ್ಮಜೀವಿಗಳಿಂದ ಹುಳಿಯುತ್ತದೆ. ಸೀಕಮ್ ಒಂದೇ 25–35 ಲೀಟರ್ ಹಿಡಿಯುತ್ತದೆ. ಈ ಹುಳಿಯುವಿಕೆ ಹಗಲು ರಾತ್ರಿ ಬಿಸಿ ಹುಟ್ಟಿಸುತ್ತದೆ. ಒಳಗೆ ಆರದ ಒಲೆ ಇಟ್ಟುಕೊಂಡವನಿಗೆ ಮೂರು ಕಂಬಳಿ ಹೊದಿಸಿದ ಹಾಗೆ ಇದು. ಅದಕ್ಕೇ ಚಳಿ ಜಾಸ್ತಿಯಾದ ರಾತ್ರಿ ಮೊದಲು ಹೆಚ್ಚಿಸಬೇಕಾದ್ದು ಒಣಹುಲ್ಲು, ರಗ್ಗಿನ ಮಾತು ಆಮೇಲೆ. ಕಾಳು ಹೆಚ್ಚಿಸುವುದಲ್ಲ, ಹುಲ್ಲು. ನಾರು ಹುಳಿಯುವಾಗ ಬರುವಷ್ಟು ಬಿಸಿ ಕಾಳಿನಿಂದ ಬರುವುದಿಲ್ಲ.

ಕೂದಲಿನದು ಇನ್ನೂ ಸ್ವಾರಸ್ಯ. ಪ್ರತಿ ಕೂದಲಿನ ಬುಡದಲ್ಲೂ ಒಂದು ಸಣ್ಣ ಸ್ನಾಯು ಇದೆ. ಚಳಿಯಾದಾಗ ಅದು ಕೂದಲನ್ನು ನಿಮಿರಿಸುತ್ತದೆ, ನಡುವೆ ಗಾಳಿ ಸಿಕ್ಕಿಕೊಂಡು ಬೆಚ್ಚನೆಯ ಪದರವಾಗುತ್ತದೆ. ಬಿಸಿಯಾದಾಗ ಕೂದಲು ಮಲಗುತ್ತದೆ. ಹಿಮ ಬಿದ್ದ ದಿನ ಇಂಗ್ಲೆಂಡಿನ ಬಯಲುಗುಡ್ಡದ ತಳಿಯಾದ ಎಕ್ಸ್‌ಮೂರ್ ಪೋನಿಯ ಬೆನ್ನ ಮೇಲೆ ಹಿಮ ಕರಗದೆ ಹಾಗೇ ಕೂತಿರುವುದನ್ನು ನೋಡಿ "ಪಾಪ" ಅನ್ನುವವರಿದ್ದಾರೆ. ಒಳಗಿನ ಬಿಸಿ ಹೊರಗೆ ಸೋರುತ್ತಿಲ್ಲ ಅನ್ನೋದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ? ಆ ಪೋನಿಗೆ ಎರಡು ಪದರದ ಚಳಿಗಾಲದ ಕೂದಲಿದೆ. ಬಾಲದ ಬುಡದಲ್ಲಿ ನೀರನ್ನು ಪಕ್ಕಕ್ಕೆ ಹರಿಸುವ ಬೀಸಣಿಗೆಯಂಥ ಗಿಡ್ಡ ಕೂದಲೂ ಇದೆ.

ತೆಳ್ಳಗಿನ ರಗ್ ಹಾಕಿದರೆ ಕೂದಲು ಒತ್ತಿ ಮಲಗುತ್ತದೆ, ಗಾಳಿಯ ಪದರ ಹೋಗುತ್ತದೆ. ಹಾಗಾಗಿ ಒಣ ಚಳಿಯಲ್ಲಿ ತೆಳು ರಗ್ ಹಾಕಿದ ಕುದುರೆ, ಏನೂ ಹಾಕದ ಕುದುರೆಗಿಂತ ತಣ್ಣಗಿರುವುದೂ ಉಂಟು. ದಪ್ಪ ರಗ್ ಹಾಕಿದರೆ ಕುದುರೆಯ ಕೈಯಲ್ಲಿದ್ದ ಆ ಹೊಂದಾಣಿಕೆಯೇ ತಪ್ಪಿಹೋಗುತ್ತದೆ. ಹಗಲು ಬಿಸಿಯಾದಾಗ ಕೂದಲು ಮಲಗಿಸಿ ಪ್ರಯೋಜನವಿಲ್ಲ, ಮೇಲೆ ದಪ್ಪ ಪಾಲಿಯೆಸ್ಟರ್ ಕೂತಿದೆ.

ಉಳಿದ ದಾರಿ ಬೆವರೊಂದೇ. ಆದರೆ ಬೆವರು ಆರಿದರೆ ಮಾತ್ರ ಮೈ ತಣ್ಣಗಾಗುತ್ತದೆ. ರಗ್ಗಿನ ಕೆಳಗೆ ಅದು ಆರುವುದಿಲ್ಲ. ಮೈ ತಣ್ಣಗಾಗಲಿಲ್ಲ ಅಂತ ಇನ್ನಷ್ಟು ಬೆವರು ಬರುತ್ತದೆ. ನಮ್ಮ ಬೆವರಿಗಿಂತ ಕುದುರೆಯ ಬೆವರಿನಲ್ಲಿ ಉಪ್ಪು ಬಹಳ ಜಾಸ್ತಿ, ಸೋಡಿಯಂ, ಕ್ಲೋರೈಡ್, ಪೊಟ್ಯಾಸಿಯಂ ಎಲ್ಲಾ ಹರಿದು ಹೋಗುತ್ತದೆ. ಚಳಿಗಾಲದಲ್ಲಿ ತೊಟ್ಟಿಯ ನೀರು ಕೊರೆಯುವಷ್ಟು ತಣ್ಣಗಿರುವುದರಿಂದ ಕುದುರೆ ಮೊದಲೇ ಕಡಿಮೆ ಕುಡಿಯುತ್ತಿರುತ್ತದೆ, ತಿನ್ನುವುದೂ ಒಣಹುಲ್ಲು. ಮೈ ನೀರು ಕಳೆದುಕೊಂಡರೆ ಕರುಳಿನಲ್ಲಿ ಮೇವು ಗಟ್ಟಿಯಾಗಿ ಕಟ್ಟಿಕೊಳ್ಳುವ ಶೂಲೆಗೆ ದಾರಿಯಾಗುತ್ತದೆ. ರಗ್ ಜಾಸ್ತಿಯಾದರೆ ಹೊಟ್ಟೆನೋವು ಯಾಕೆ ಎಂದು ಕೇಳುವವರಿಗೆ ಉತ್ತರ ಇದು.

ಯಾವ ಗಂಟೆಗೆ ರಗ್ ಆರಿಸಿದಿರಿ

ನನ್ನ ಪ್ರಕಾರ ಅತಿ ಹೆಚ್ಚು ತೊಂದರೆಗಳ ಬೇರು ಇಲ್ಲಿದೆ. ಮಾಲೀಕರು ಬೆಳಿಗ್ಗೆ ಆರೂವರೆಗೆ ಬರುತ್ತಾರೆ. ಕತ್ತಲು, ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿದೆ, ಫೋನಿನಲ್ಲಿ 2 ಡಿಗ್ರಿ. ದಪ್ಪ ರಗ್ ಹಾಕಿ ಮೈದಾನಕ್ಕೆ ಬಿಟ್ಟು ಆಫೀಸಿಗೆ ಓಡುತ್ತಾರೆ. ಹನ್ನೊಂದಕ್ಕೆ ಬಿಸಿಲು ಬರುತ್ತದೆ, ಒಂದು ಗಂಟೆಗೆ 13 ಡಿಗ್ರಿ. ಸಂಜೆ ಆರಕ್ಕೆ ಮಾಲೀಕರು ಮರಳುವಾಗ ಮತ್ತೆ 5 ಡಿಗ್ರಿ, ಬೆವರು ತಣ್ಣಗಾಗಿ ಕುದುರೆ ನಡುಗುತ್ತಿದೆ. ನಡುಗುವುದನ್ನು ನೋಡಿ ಅವರು ಇನ್ನೊಂದು ಪದರ ಸೇರಿಸುತ್ತಾರೆ! ಅಕ್ಟೋಬರ್ ಮತ್ತು ಮಾರ್ಚ್ ತಿಂಗಳಲ್ಲಿ ಇದು ದಿನನಿತ್ಯದ ಕಥೆ.

ನಿಮ್ಮ ಮುಂದಿನ ಭೇಟಿಯವರೆಗೆ ಬರುವ ಅತಿ ಬೆಚ್ಚಗಿನ ಗಂಟೆ ಯಾವುದು ಎಂದು ನೋಡಿ, ಆ ಗಂಟೆಗೆ ಹೊಂದುವ ರಗ್ ಹಾಕಿ. ತಣ್ಣಗಿನ ಗಂಟೆಗೆ ಕುದುರೆಯ ಬಳಿ ಹತ್ತು ಉಪಾಯಗಳಿವೆ: ಕೂದಲು ನಿಮಿರಿಸಬಹುದು, ಓಡಾಡಬಹುದು, ಬೇಲಿಯ ಮರೆಗೆ ಹೋಗಬಹುದು, ಗಾಳಿಗೆ ಬೆನ್ನು ಹಾಕಬಹುದು, ಹುಲ್ಲು ತಿನ್ನಬಹುದು. ಬೆಚ್ಚಗಿನ ಗಂಟೆಗೆ ಒಂದೂ ಇಲ್ಲ. ಬಕಲ್ ಬಿಚ್ಚಲು ಅದಕ್ಕೆ ಬರುವುದಿಲ್ಲ ಅಲ್ವಾ.

ಹವಾಮಾನ ನೋಡುವಾಗ ಬರೀ ಉಷ್ಣತೆ ನೋಡಬೇಡಿ. ಒಣ ಚಳಿ ಕುದುರೆಗೆ ಲೆಕ್ಕಕ್ಕಿಲ್ಲ. ಮಳೆ ಮತ್ತು ಗಾಳಿ ಒಟ್ಟಿಗೆ ಬಂದಾಗ ಕೂದಲು ನೆನೆದು ಗಾಳಿಯ ಪದರ ಕುಸಿಯುತ್ತದೆ, ಆಗ 6 ಡಿಗ್ರಿಯಲ್ಲೂ ಕುದುರೆ ನಡುಗಬಹುದು. ಅಂಥ ದಿನಕ್ಕೂ ಬೇಕಾದ್ದು ಮಳೆ ತಡೆಯುವ, ಒಳಗೆ ಏನೂ ತುಂಬದ ರಗ್. ಇಲ್ಲವೇ ಮೂರು ಗೋಡೆಯ ಒಂದು ಶೆಡ್.

ಈ ಬಗ್ಗೆ ಕುದುರೆಗಳನ್ನೇ ಕೇಳಿದವರಿದ್ದಾರೆ. 2016ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನವೊಂದರಲ್ಲಿ 23 ಕುದುರೆಗಳಿಗೆ ಮೂರು ಬಿಳಿ ಹಲಗೆಗಳನ್ನು ಗುರುತಿಸಲು ಕಲಿಸಿದರು. ಅಡ್ಡ ಗೆರೆ ಅಂದರೆ ರಗ್ ಹಾಕಿ, ಉದ್ದ ಗೆರೆ ಅಂದರೆ ತೆಗೆಯಿರಿ, ಖಾಲಿ ಹಲಗೆ ಅಂದರೆ ಇರುವ ಹಾಗೆಯೇ ಇರಲಿ. ಎಲ್ಲಾ 23 ಕುದುರೆಗಳೂ ಮೂತಿಯಿಂದ ಹಲಗೆ ಮುಟ್ಟಿ ಹೇಳಲು ಕಲಿತವು. ಹವೆ ಚೆನ್ನಾಗಿದ್ದ ದಿನ ರಗ್ ಬೇಡ ಎಂದವು, ಮಳೆ ಗಾಳಿಯ ಚಳಿಯ ದಿನ ಬೇಕು ಎಂದವು. ನಮ್ಮ ಲಾಯದ ಕುದುರೆಗೆ ಹಲಗೆ ಇಲ್ಲ, ಆದ್ದರಿಂದ ಅದು ರಗ್ಗನ್ನೇ ಹರಿಯುತ್ತದೆ.

ಲೇಬಲ್ ಓದುವುದರಲ್ಲಿ ಆಗುವ ಎಡವಟ್ಟು

ರಗ್ಗಿನ ಬಿಸಿ ತಿಳಿಯಲು ನೋಡಬೇಕಾದ್ದು ಗ್ರಾಂ, ಅಂದರೆ ಒಂದು ಚದರ ಮೀಟರ್‌ಗೆ ಎಷ್ಟು ತುಂಬಿದ್ದಾರೆ ಎಂಬುದು. 0 ಎಂದರೆ ಬರೀ ಮಳೆ ತಡೆ. 50–100 ತೆಳು, 200 ಮಧ್ಯಮ, 300ರಿಂದ ಮೇಲೆ ದಪ್ಪ. ಡೆನಿಯರ್ ಅನ್ನೋದು ಹೊರಬಟ್ಟೆಯ ನೂಲಿನ ದಪ್ಪ, ಅದರಿಂದ ಬಟ್ಟೆ ಎಷ್ಟು ಗಟ್ಟಿ ಎಂದು ಗೊತ್ತಾಗುತ್ತದೆ. 1200 ಡೆನಿಯರ್ ರಗ್ ಬೇಗ ಹರಿಯದು, ಆದರೆ 600ರದ್ದಕ್ಕಿಂತ ಬೆಚ್ಚಗೇನಲ್ಲ. ಇವೆರಡನ್ನು ಅದಲುಬದಲು ಮಾಡಿಕೊಂಡು ಕೊಳ್ಳುವವರು ಬೇಕಾದಷ್ಟು.

ಪದರದ ಮೇಲೆ ಪದರ ಹಾಕಿದರೆ ಗ್ರಾಂ ಕೂಡಿಸಿ. 200ರ ರಗ್ಗಿನೊಳಗೆ 200ರ ಲೈನರ್ ಸಿಕ್ಕಿಸಿದರೆ ನೀವು 400 ಹಾಕಿದ್ದೀರಿ, ನಡುವೆ ಸಿಕ್ಕ ಗಾಳಿಯ ಬಿಸಿ ಬೇರೆ. ಕುತ್ತಿಗೆಯ ಹೊದಿಕೆಯನ್ನು ಮರೆಯಬೇಡಿ. ಕುದುರೆ ಬಿಸಿ ಬಿಡುವ ಒಳ್ಳೆಯ ಜಾಗಗಳಲ್ಲಿ ಕುತ್ತಿಗೆ ಒಂದು.

"ಇದು ಉಸಿರಾಡುವ ಬಟ್ಟೆ, ಬೆವರಿದರೂ ತೊಂದರೆಯಿಲ್ಲ" ಎಂದು ಅಂಗಡಿಯವರು ಹೇಳುತ್ತಾರೆ. ಆ ಬಟ್ಟೆ ಆವಿಯನ್ನು ಬಿಡುತ್ತದೆ, ಇಳಿಯುವ ಬೆವರನ್ನಲ್ಲ. ಮೇಲೆ ಕೆಸರು ಮೆತ್ತಿ ಒಳಗೆ ಕೂದಲು ಜಿಡ್ಡು ತುಂಬಿದ ಮೇಲೆ ಆವಿಯೂ ಹೋಗದು.

ಚರ್ಮದ ದೂರುಗಳು

ಬೆಚ್ಚಗೆ, ಒದ್ದೆಯಾಗಿ, ಗಾಳಿಯಿಲ್ಲದ ಚರ್ಮ ಅಂದರೆ ಡರ್ಮಟೋಫಿಲಸ್ ಬ್ಯಾಕ್ಟೀರಿಯಾಕ್ಕೆ ಹಬ್ಬ. ರೇನ್ ಸ್ಕಾಲ್ಡ್ ಎಂದು ಕರೆಯುವ ಹಕ್ಕಳೆ ರೋಗ ಇದರಿಂದಲೇ ಬರುವುದು. ಬೆನ್ನ ಮೇಲೆ ಕೂದಲು ಕುಂಚದ ಹಾಗೆ ಗುಂಪುಗೂಡಿ, ಎಳೆದರೆ ಹಕ್ಕಳೆಯ ಸಮೇತ ಕಿತ್ತು ಬರುತ್ತದೆ. ಮಳೆಯಲ್ಲಿ ನೆನೆದ ಕುದುರೆಗೆ ಮಾತ್ರ ಬರುತ್ತದೆ ಎಂದು ಹೆಸರು ನೋಡಿ ಅಂದುಕೊಳ್ಳಬೇಡಿ, ರಗ್ಗಿನ ಕೆಳಗಿನ ಬೆವರೂ ಅಷ್ಟೇ ಸಾಕು. ಹೇನೂ ಚಳಿಗಾಲದ ದಟ್ಟ ಕೂದಲಿನಲ್ಲಿ ರಗ್ಗಿನ ಮರೆಯಲ್ಲಿ ಹಾಯಾಗಿ ಬೆಳೆಯುತ್ತದೆ. ದಿನಗಟ್ಟಲೆ ರಗ್ ತೆಗೆಯದಿದ್ದರೆ ಹೇನು, ಗಾಯ, ಇಳಿದ ತೂಕ, ಏರಿದ ತೂಕ ಯಾವುದೂ ಕಾಣುವುದಿಲ್ಲ. ದಿನಕ್ಕೊಮ್ಮೆಯಾದರೂ ಪೂರ್ತಿ ತೆಗೆದು ಮೈ ಉಜ್ಜಿ.

ಭುಜದ ಕೂದಲು ಸವೆದಿದ್ದರೆ ಅದು ಅಳತೆಯ ದೋಷ. ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ದಿಬ್ಬದ ಮೇಲೆ ಹೊಸದಾಗಿ ಬಿಳಿ ಕೂದಲು ಬಂದಿದ್ದರೆ ಅಲ್ಲಿ ಒತ್ತಡ ಬಹಳ ದಿನದಿಂದ ಇದೆ. ಪದರ ಹೆಚ್ಚಿದಷ್ಟೂ ಭಾರ ಹೆಚ್ಚು, ರಗ್ ಹಿಂದಕ್ಕೆ ಜಾರಿ ಎದೆಯನ್ನು ಹಿಡಿಯುವುದೂ ಹೆಚ್ಚು.

ಇಳಿಯದ ತೂಕ

ಪ್ರಕೃತಿಯಲ್ಲಿ ಕುದುರೆ ಬೇಸಿಗೆಯಲ್ಲಿ ಕೊಬ್ಬು ಸೇರಿಸಿ ಚಳಿಗಾಲದಲ್ಲಿ ಕರಗಿಸುತ್ತದೆ. ಮೈ ಬೆಚ್ಚಗಿಡಲು ಆ ಕೊಬ್ಬು ಖರ್ಚಾಗುತ್ತದೆ. ದಪ್ಪ ರಗ್ ಹಾಕಿದರೆ ಖರ್ಚು ನಿಲ್ಲುತ್ತದೆ, ಮೇವು ಮಾತ್ರ ಹಾಗೇ ಬರುತ್ತಿರುತ್ತದೆ. ಏಪ್ರಿಲ್‌ನಲ್ಲಿ ಸಕ್ಕರೆ ತುಂಬಿದ ಹೊಸ ಹುಲ್ಲು ಬರುವಾಗ ಕುದುರೆ ಹಳೆಯ ಕೊಬ್ಬನ್ನು ಹೊತ್ತೇ ನಿಂತಿರುತ್ತದೆ. ಹೀಗೆ ವರ್ಷ ವರ್ಷ ಕೂಡಿದರೆ ಇನ್ಸುಲಿನ್ ಹದ ತಪ್ಪಬಹುದು, ಅಲ್ಲಿಂದ ಲ್ಯಾಮಿನೈಟಿಸ್‌ಗೆ ದೂರವಿಲ್ಲ. ಗೊರಸಿನೊಳಗಿನ ಮೂಳೆಯನ್ನು ಹಿಡಿದಿಟ್ಟ ಪದರಗಳು ಸಡಿಲವಾಗುವ ಈ ಕಾಯಿಲೆ ಎಷ್ಟು ಕ್ರೂರ ಅನ್ನೋದು ನೋಡಿದವರಿಗೆ ಗೊತ್ತು. ಎಷ್ಟೋ ಪೋನಿಗಳನ್ನು ಕೊನೆಗೆ ದಯಾಮರಣಕ್ಕೆ ಒಪ್ಪಿಸಬೇಕಾಗುತ್ತದೆ.

ಶೆಟ್ಲೆಂಡ್, ಕಾನೆಮಾರಾ, ವೆಲ್ಶ್ ತಳಿಯ ಪೋನಿಗಳಿಗೆ ಈ ಅಪಾಯ ಎಲ್ಲರಿಗಿಂತ ಜಾಸ್ತಿ. ಬಡ ಗುಡ್ಡದ ಮೇವಿನಲ್ಲಿ ಬದುಕಿ ಬಂದ ತಳಿಗಳು ಅವು. ದಪ್ಪಗಿರುವ, ಆರೋಗ್ಯವಾಗಿರುವ, ಕೂದಲು ಕತ್ತರಿಸದ ಶೆಟ್ಲೆಂಡ್ ಪೋನಿಗೆ ರಗ್ ಹಾಕುವುದು ನನಗಂತೂ ಅರ್ಥವಾಗದ ಸಂಗತಿ. ಪಕ್ಕೆ ಎಲುಬು ಕೈಗೆ ಸುಲಭವಾಗಿ ಸಿಗಬೇಕು. ಒತ್ತಿ ಹುಡುಕಬೇಕಾಗಿದ್ದರೆ, ಕುತ್ತಿಗೆಯ ಮೇಲಂಚು ಗಟ್ಟಿಯಾಗಿ ದಿಂಡಿನಂತೆ ನಿಂತಿದ್ದರೆ, ಈ ಚಳಿಗಾಲದಲ್ಲಿ ಆ ಕುದುರೆಗೆ ಬೇಕಾದ್ದು ಸ್ವಲ್ಪ ಚಳಿ.

ಸರಿಪಡಿಸುವುದು

ದೋಷ ರಗ್ಗಿನದೇ ಎಂದು ಗೊತ್ತಾದ ಮೇಲೂ 400 ಗ್ರಾಂ ಹೊತ್ತಿದ್ದ ಕುದುರೆಯನ್ನು ಜನವರಿಯ ಮಳೆಗೆ ಒಮ್ಮೆಲೇ ಬರಿಮೈಯಲ್ಲಿ ಬಿಡಬೇಡಿ. ಚಳಿಗಾಲದ ಕೂದಲು ಬೆಳೆಯುವುದು ಮುಖ್ಯವಾಗಿ ಹಗಲಿನ ಉದ್ದ ನೋಡಿ. ಜೂನ್ ಕೊನೆಯಿಂದ ಹಗಲು ಕುಗ್ಗುವಾಗ ತಯಾರಿ ಶುರು, ಡಿಸೆಂಬರ್ ಕೊನೆಯಿಂದ ಹಗಲು ಹಿಗ್ಗುವಾಗ ಉದುರುವ ತಯಾರಿ ಶುರು. ಆದರೆ ಶರತ್ಕಾಲದಿಂದಲೇ ಹೊದಿಸಿದ ಕುದುರೆಯ ಕೂದಲು ತೆಳುವಾಗಿ ಗಿಡ್ಡವಾಗಿ ಬಂದಿರುತ್ತದೆ, ಚಳಿಗೆ ಒಗ್ಗಿಕೊಂಡೂ ಇರುವುದಿಲ್ಲ. ಒಗ್ಗಲು ಎರಡು ಮೂರು ವಾರ ಬೇಕು.

ಮೊದಲು ಕುತ್ತಿಗೆಯ ಹೊದಿಕೆ ತೆಗೆಯಿರಿ. ಕೆಲವು ದಿನ ಕೈಪರೀಕ್ಷೆ ಮಾಡಿ. ಆಮೇಲೆ ಲೈನರ್. ಆಮೇಲೆ ಒಂದು ದರ್ಜೆ ತೆಳು ರಗ್. ಪ್ರತಿ ಸಲವೂ ಒಣ ಹವೆಯ ದಿನ ನೋಡಿ ಇಳಿಸಿ, ಒಮ್ಮೆಗೆ ಒಂದೇ ಬದಲಾವಣೆ ಮಾಡಿ. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯದು. ಈ ದಿನಗಳಲ್ಲಿ ಒಣಹುಲ್ಲು ರಾತ್ರಿಯಿಡೀ ಇರುವಷ್ಟು ಕೊಡಿ. ದಪ್ಪ ಕುದುರೆಯಾದರೆ ನೆನೆಸಿ ಸಕ್ಕರೆ ಇಳಿಸಿದ ಹುಲ್ಲು.

ಇಳಿಸುವಾಗ ಕುದುರೆ ನಡುಗಿದರೆ, ಬಾಲ ಒಳಗೆ ಮಡಚಿ ಕುಗ್ಗಿ ನಿಂತರೆ, ತೂಕ ಬೇಗ ಇಳಿದರೆ ಒಂದು ಹೆಜ್ಜೆ ಹಿಂದೆ ಹೋಗಿ. ಮುಂದಿನ ವರ್ಷ ಸೆಪ್ಟೆಂಬರ್‌ನಲ್ಲಿ ರಗ್ ಹಾಕುವ ಆಸೆ ತಡೆದುಕೊಂಡರೆ ಕೂದಲು ತಾನೇ ಬರುತ್ತದೆ.

ಸವಾರಿ ಮಾಡಿ ಬೆವರಿದ ಕುದುರೆಗೆ ದಪ್ಪ ರಗ್ ನೇರವಾಗಿ ಹಾಕುವುದು ಇನ್ನೊಂದು ಸಾಮಾನ್ಯ ತಪ್ಪು. ಮೊದಲು ತೇವ ಹೀರುವ ಕೂಲರ್ ಎಂಬ ಹೊದಿಕೆ, ಮೈ ಒಣಗಿದ ಮೇಲೆ ಬೇಕಿದ್ದರೆ ರಗ್.

ಯಾರಿಗೆ ರಗ್ ಬೇಕೇ ಬೇಕು

ಕ್ಲಿಪ್ ಮಾಡಿದ, ಅಂದರೆ ಕೂದಲು ಕತ್ತರಿಸಿದ ಕುದುರೆಯ ಅಂಗಿಯನ್ನು ನಾವೇ ಬಿಚ್ಚಿದ್ದೇವೆ, ಬದಲಿಗೆ ಇನ್ನೊಂದನ್ನು ಕೊಡಲೇಬೇಕು. ಎದೆ ಕುತ್ತಿಗೆ ಮಾತ್ರ ಕತ್ತರಿಸಿದ್ದರೆ ಕಡಿಮೆ, ಪೂರ್ತಿ ಕತ್ತರಿಸಿದ್ದರೆ ಜಾಸ್ತಿ. ವಯಸ್ಸಾದ, ಬಡಕಲಾದ, ಹಲ್ಲು ಸವೆದು ಹುಲ್ಲು ಅಗಿಯಲಾರದ, ಕಾಯಿಲೆಯಿಂದ ಎದ್ದ ಕುದುರೆಗಳಿಗೆ, ಮರೆಯಿಲ್ಲದ ಬಯಲಿನಲ್ಲಿ ಮಳೆಗೆ ಸಿಕ್ಕುವ ತೆಳು ಚರ್ಮದ ಥರೋಬ್ರೆಡ್‌ಗಳಿಗೆ (ರೇಸ್ ಕುದುರೆಯ ತಳಿ) ರಗ್ ಬೇಕಾಗಬಹುದು. ಕುಶಿಂಗ್ಸ್ ಎಂಬ ಹಾರ್ಮೋನಿನ ಕಾಯಿಲೆ ಇರುವ ಮುದಿ ಕುದುರೆಯದು ಮಾತ್ರ ತಿರುವುಮುರುವು: ಉದ್ದ ಗುಂಗುರು ಕೂದಲು ಬೇಸಿಗೆಯಲ್ಲೂ ಉದುರದೆ ತಾನೇ ಬೇಯುತ್ತಿರುತ್ತದೆ, ಅದಕ್ಕೆ ಕ್ಲಿಪ್ ಮಾಡಿಸಬೇಕಾದೀತು.

ಕತ್ತೆಗೆ ಈ ಬರಹದ ಲೆಕ್ಕ ಹಾಕಬೇಡಿ. ಬ್ರಿಟನ್ನಿನಲ್ಲಿ ಅಳೆದು ನೋಡಿದಾಗ ಕತ್ತೆಯ ಕೂದಲು ಚಳಿಗಾಲದಲ್ಲಿ ಕುದುರೆಯದರಷ್ಟು ದಟ್ಟವಾಗುವುದಿಲ್ಲ ಎಂದು ಕಂಡಿದೆ. ಅವುಗಳಿಗೆ ಮಳೆ ಬೀಳದ ಒಣ ಜಾಗ ಬೇಕು.

ಬೆಂಗಳೂರಿನ ಲಾಯಗಳಿಗೆ

ಡಿಸೆಂಬರ್ ಜನವರಿಯಲ್ಲಿ ಬೆಂಗಳೂರಿನ ರಾತ್ರಿ ಸಾಮಾನ್ಯವಾಗಿ 15–16 ಡಿಗ್ರಿ. ಈ ಊರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಆ ರಾತ್ರಿಯೂ ಆರೋಗ್ಯವಂತ ಕುದುರೆಯ ಹಿತವಾದ ವ್ಯಾಪ್ತಿಯ ಒಳಗೇ ಇತ್ತು! ಕುದುರೆ ನೋಡಿಕೊಳ್ಳುವ ಸೈಸ್ ಮಂಕಿ ಟೋಪಿ ಹಾಕಿಕೊಂಡಿದ್ದಾನೆ ಅಂತ ಕುದುರೆಗೂ ರಗ್ ಹಾಕಬೇಕಿಲ್ಲ. ಕ್ಲಿಪ್ ಮಾಡಿದ ಅಥವಾ ಕಾಯಿಲೆ ಬಿದ್ದ ಕುದುರೆಗೆ ರಾತ್ರಿ ತೆಳು ಹತ್ತಿಯ ಹೊದಿಕೆ ಹಾಕಿದರೆ ಬೆಳಿಗ್ಗೆ ಬಿಸಿಲು ಏರುವ ಮೊದಲು ತೆಗೆಯಿರಿ. ಮಧ್ಯಾಹ್ನ ಅದೇ ಜನವರಿಯಲ್ಲಿ 27 ಡಿಗ್ರಿ ಮುಟ್ಟುತ್ತದೆ. ಸೊಳ್ಳೆ, ನೊಣಕ್ಕೆ ಬಲೆಯಂಥ ಹೊದಿಕೆ ಬೇಕಾದರೆ ಬಿಳಿ ಬಣ್ಣದ, ಬೆಳಕು ತೂರುವಷ್ಟು ತೆಳುವಾದದ್ದನ್ನು ಆರಿಸಿ.

ನಮ್ಮ ಕಡೆ ಇನ್ನೊಂದು ಎಚ್ಚರ ಬೇಕು. ಬಿಸಿ, ಜಿಗುಟು ಹವೆಯಲ್ಲಿ ಕೆಲವು ಕುದುರೆಗಳು ಬೆವರುವುದನ್ನೇ ನಿಲ್ಲಿಸಿಬಿಡುತ್ತವೆ. ಹೊರದೇಶದಿಂದ ಭಾರತಕ್ಕೆ ತಂದ ಕುದುರೆಗಳಲ್ಲಿ ಇದನ್ನು ಬ್ರಿಟಿಷರ ಕಾಲದಲ್ಲೇ ಗುರುತಿಸಿದ್ದರು, ಲಾಯದವರು ಡ್ರೈ ಕೋಟ್ ಎನ್ನುತ್ತಾರೆ. ಇಂಥ ಕುದುರೆಯ ರಗ್ಗಿನ ಕೆಳಗೆ ಕೈ ಹಾಕಿದರೆ ಒಣಗಿಯೇ ಇರುತ್ತದೆ, ಒಳಗೆ ಮೈ ಕುದಿಯುತ್ತಿರುತ್ತದೆ. ಕೈಪರೀಕ್ಷೆ ಇಲ್ಲಿ ಕೈಕೊಡುತ್ತದೆ. ಉಸಿರು ಎಣಿಸಿ, ಥರ್ಮಾಮೀಟರ್ ಇಡಿ. ಹೊದಿಕೆ ಇಲ್ಲದೆ ನೆರಳಿನಲ್ಲಿ ನಿಂತಾಗಲೂ ಉಸಿರು ಜೋರಾಗಿದ್ದು ಮೈ ಒಣಗಿದ್ದರೆ ಸವಾರಿ ನಿಲ್ಲಿಸಿ, ಫ್ಯಾನ್ ಹಾಕಿ, ಮೈಮೇಲೆ ನೀರು ಸುರಿದು, ಪಶುವೈದ್ಯರನ್ನು ಕರೆಸಿ.